ಬಲಮಗ್ಗುಲಿನ ಗೆರೆ

"ನಿನ್ನ ಕಡೆ ಗೆರೇನೂ ಅವನೇ ಎಳೆದುಬಿಟ್ಟ," ಎಂದರು ಅತ್ತೆ, ಖಾಲಿ ಚಹಾ ಲೋಟವನ್ನು ತೊಳೆಯುವ ಪಾತ್ರೆಗಳ ನಡುವೆ ಇಡುತ್ತ.

ಎಡಚಿ ಬಟಾಣಿ ಸುಲಿಯುತ್ತಿದ್ದಳು. "ಎಳೀಲಿ ಬಿಡಿ. ಕೆಲಸ ಆಗ್ಬೇಕಲ್ಲ."

"ಚೆನ್ನಾಗೇ ಎಳೆದಿದಾನೆ. ಡ್ರಿಲ್ ಮೇಷ್ಟ್ರು ಬಂದು ಕೂತಿದಾರೆ. ಹೊಗಳಿ ಹೊಗಳಿ ಅವರ ಚಹಾನೂ ಆರಿಹೋಯ್ತು."

ಕೈಯಲ್ಲಿದ್ದ ಕಾಯಿ ಬೇಡದಷ್ಟು ಜೋರಾಗಿ ಬಿರಿಯಿತು. ಕಾಳುಗಳು ಒಲೆಯ ಕೆಳಕ್ಕೆ ಉರುಳಿದವು. ಅವುಗಳನ್ನು ಹೆಕ್ಕಲು ಅವಳು ಏಳಲಿಲ್ಲ.

ಅಡುಗೆಮನೆಗೂ ಶೆಡ್ಡಿಗೂ ನಡುವೆ ಒಂದೇ ಬಾಗಿಲು. ಮದುವೆಯಾದ ಹೊಸದರಲ್ಲಿ ಆ ಬಾಗಿಲು ದಾಟಬೇಡ, ಥಿನ್ನರ್ ವಾಸನೆಗೆ ತಲೆನೋವು ಬರುತ್ತದೆ ಎಂದಿದ್ದ ಗಂಡ. ಅವನು ಹಳೆಯ ಬೈಕುಗಳಿಗೆ ಮತ್ತೆ ಬಣ್ಣ ಹೊಡೆಯುವ ಪೇಂಟರ್. ಒಂದು ದಿನ ಯಾವುದೋ ಟ್ಯಾಂಕಿನ ಬಲಮಗ್ಗುಲಿಗೆ ಗೆರೆ ಎಳೆದು ಒರೆಸಿ, ಎಳೆದು ಒರೆಸಿ, ಕೊನೆಗೆ ಬ್ರಷ್ಷನ್ನೇ ಗೋಡೆಗೆ ಎಸೆದ. ಸದ್ದು ಕೇಳಿ ಬಂದ ಅವಳು ಬ್ರಷ್ಷನ್ನು ಎತ್ತಿ, ಎಡಗೈಯಲ್ಲಿ ಹಿಡಿದು, ಟ್ಯಾಂಕಿನ ಮುಂದೆ ಕೂತಳು. ಅಂದಿನಿಂದ ಆ ಮಗ್ಗುಲು ಅವಳದಾಯಿತು. ಬೀದಿಯವರಿಗೆಲ್ಲ ಅವಳು ಎಡಚಿಯಾದಳು.

ವಿಷಯ ಇಷ್ಟೆ. ಟ್ಯಾಂಕಿನ ಮೇಲಿನ ಗೆರೆ ಮೂತಿಯ ಕಡೆಯಿಂದ ಸೀಟಿನ ಕಡೆಗೆ ಓಡಬೇಕು. ಬ್ರಷ್ಷು ಮೊದಲು ಊರಿದಲ್ಲಿ ಬಣ್ಣ ತುಂಬಿ ನಿಲ್ಲುತ್ತದೆ, ಹೋಗುತ್ತ ಹೋಗುತ್ತ ಸಣ್ಣಗಾಗಿ ಕೂದಲೆಳೆಯಲ್ಲಿ ಮುಗಿಯುತ್ತದೆ. ನಿಂತ ಬೈಕು ಓಡುತ್ತಿರುವಂತೆ ಕಾಣುವುದು ಅದರಿಂದಲೇ. ಎಡಮಗ್ಗುಲಿನಲ್ಲಿ ಕೂತರೆ ಮೂತಿ ಎಡಕ್ಕೆ, ಸೀಟು ಬಲಕ್ಕೆ. ಬಲಗೈಯವನಿಗೆ ಅದು ನೀರು ಕುಡಿದಷ್ಟು ಸಲೀಸು. ಬಲಮಗ್ಗುಲಿನಲ್ಲಿ ಎಲ್ಲ ತಿರುವುಮುರುವು. ಕೈ ತನ್ನದೇ ಎದೆಯನ್ನು ದಾಟಿ ಹೋಗಬೇಕು, ಮೊಣಕೈ ಹೊಟ್ಟೆಗೆ ತಾಗಬೇಕು, ಗೆರೆ ಹಾಳಾಗಬೇಕು. ಅಲ್ಲಿಗೆ ಎಡಗೈಯೇ ಸರಿ. ಗಂಡ ಒಂದು ಪಕ್ಕ, ಹೆಂಡತಿ ಇನ್ನೊಂದು ಪಕ್ಕ ಕೂತು, ಒಟ್ಟಿಗೆ ಉಸಿರು ಬಿಗಿಹಿಡಿದು ಎಳೆಯುತ್ತಿದ್ದರು. ಅದನ್ನು ನೋಡಲೆಂದೇ ಜನ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು.

ಚಳಿಗಾಲದಲ್ಲಿ ಅವಳ ಎಡಭುಜ ಹಿಡಿದುಕೊಂಡಿತು. ತಲೆ ಬಾಚಲೂ ಕೈ ಮೇಲೇಳಲಿಲ್ಲ. ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತ ಕೈ ಏರಿಸಬೇಕು ಎಂದರು ಡಾಕ್ಟರು. ಅಡುಗೆಮನೆಯ ಗೋಡೆಯ ಮೇಲೆ ಎಣ್ಣೆಬೆರಳಿನ ಗುರುತುಗಳು ಇರುವೆಸಾಲಿನಂತೆ ಹತ್ತುತ್ತ ಹತ್ತುತ್ತ ಈಗ ಡಬ್ಬಗಳ ಹಲಗೆಯ ತನಕ ಬಂದಿದ್ದವು. ಕೈಯನ್ನು ಪಕ್ಕಕ್ಕೆ ಚಾಚುವಾಗ ಮಾತ್ರ ಒಂದು ಕಡೆ ಇನ್ನೂ ಹಿಡಿಯುತ್ತಿತ್ತು. ಶೆಡ್ಡಿಗೆ ಯಾವಾಗ ಬರುತ್ತೀಯ ಎಂದು ಗಂಡ ಕೇಳಿದಾಗಲೆಲ್ಲ ನೋವಿದೆ ಎನ್ನುತ್ತಿದ್ದಳು.

ನೋವಷ್ಟೇ ಆಗಿದ್ದರೆ ಅವಳು ಯಾವಾಗಲೋ ಹೋಗಿರುತ್ತಿದ್ದಳು. ಮನೆಯಲ್ಲಿ ಯಾರೂ ಇಲ್ಲದ ಒಂದು ಮಧ್ಯಾಹ್ನ ಪಾತ್ರೆಯ ಮುಚ್ಚಳವೊಂದರ ಮೇಲೆ ಗೆರೆ ಎಳೆದು ನೋಡಿದ್ದಳು. ಅದು ಒಡೆದ ಹಾಲಿನಂತೆ ಬಂದಿತ್ತು. ಮುಚ್ಚಳವನ್ನು ತಿಕ್ಕಿ ತೊಳೆದು ಇಟ್ಟ ಮೇಲೆ, ಕೈ ಹೋಯಿತೋ ಉಳಿಯಿತೋ ಎಂದು ಮತ್ತೊಮ್ಮೆ ನೋಡುವ ಧೈರ್ಯ ಬರಲಿಲ್ಲ. ನೋವಿದೆ ಎಂದರೆ ಜನ ಮರುಗುತ್ತಾರೆ. ಕೈ ಹೋಗಿದೆ ಎಂದರೆ ಬೇರೆಯವರನ್ನು ಹುಡುಕುತ್ತಾರೆ.

ಡ್ರಿಲ್ ಮೇಷ್ಟ್ರ ಬೈಕಿನ ಕೆಲಸವನ್ನೆಲ್ಲ ಅವಳು ಅಡುಗೆಮನೆಯಿಂದಲೇ, ಕಿವಿ ಮೂಗುಗಳಿಂದ ನೋಡಿದ್ದಳು. ಪ್ರಾಯದಲ್ಲಿ ಮಾರಿದ್ದ ಬೈಕನ್ನು ಮೇಷ್ಟ್ರು ನಿವೃತ್ತಿಯಾದ ಮೇಲೆ ಯಾರದೋ ಹಿತ್ತಿಲಲ್ಲಿ ಪತ್ತೆಹಚ್ಚಿ, ಕೈಗಾಡಿಯಲ್ಲಿ ಹೇರಿಕೊಂಡು ಬಂದಿದ್ದರು. ಮೊದಲು ಹಳೇ ಬಣ್ಣ ಕೀಳುವ ಮದ್ದಿನ ಕಣ್ಣುರಿಸುವ ವಾಸನೆ. ಆಮೇಲೆ ತಗ್ಗು ಮುಚ್ಚುವ ಪುಟ್ಟಿ, ಅದನ್ನು ಉಜ್ಜುವ ವಾಟರ್ ಪೇಪರಿನ ಸರಸರ, ಕಡುಗೆಂಪು ಬಣ್ಣದ ಸ್ಪ್ರೇ ಸದ್ದು. ಟ್ಯಾಂಕಿಗೆ ಅಂಟಿಸುವ ರೆಕ್ಕೆಯ ಚಿತ್ರಗಳನ್ನು ಮೇಷ್ಟ್ರು ಎಲ್ಲಿಂದಲೋ ತರಿಸಿದ್ದರು, ಒಂದೇ ಜೊತೆ. ಅದನ್ನು ನೆನೆಹಾಕಲು ತಟ್ಟೆಯಲ್ಲಿ ನೀರು ಕೊಟ್ಟವಳು ಅವಳೇ. ಕಾಗದದಿಂದ ಜಾರಿಸಿ ಕೂರಿಸುವಾಗ ಶೆಡ್ಡಿನಲ್ಲಿ ಒಂದು ಸದ್ದೂ ಇರಲಿಲ್ಲ. ಅದರ ಮೇಲೆ ಬಣ್ಣವಿಲ್ಲದ ಹೊಳಪಿನ ಕ್ಲಿಯರ್ ಹೊಡೆದು ಒಣಗಿಸಿಯೂ ಆಯಿತು. ಉಳಿದದ್ದು ಚಿನ್ನದ ಬಣ್ಣದ ಗೆರೆಗಳು: ಒಳಗೊಂದು ದಪ್ಪ, ಹೊರಗೊಂದು ಸಣ್ಣ.

ಈಗ ಅದೂ ಆಯಿತಂತೆ. ಅವಳು ಸಿಪ್ಪೆಯ ತಟ್ಟೆ ಹಿಡಿದು ಎದ್ದಳು.

"ಎಲ್ಲಿಗೆ?" ಎಂದರು ಅತ್ತೆ.

"ಸಿಪ್ಪೆ ಚೆಲ್ಲೋಕೆ."

"ಬುಟ್ಟಿ ಇಲ್ಲೇ ಇದೆಯಲ್ಲ."

ಅವಳು ಆಗಲೇ ಬಾಗಿಲು ದಾಟಿದ್ದಳು.

ಡ್ರಿಲ್ ಮೇಷ್ಟ್ರು ಎದ್ದು ನಿಂತರು. "ಬಾ ತಾಯಿ, ನೋಡು ನಮ್ಮ ಹುಡುಗೀನ. ನನ್ನ ಬಾಯಲ್ಲಿ ಮಾತೇ ಬರ್ತಿಲ್ಲ," ಎಂದು ಬಹಳ ಹೊತ್ತು ಮಾತಾಡಿದರು. ಆಮೇಲೆ, ಒಂದು ಸುತ್ತು ವಾಕಿಂಗ್ ಮುಗಿಸಿ ಮತ್ತೆ ಬರುತ್ತೇನೆ ಎಂದು ಹೊರಟರು. ಅಷ್ಟು ಹೊತ್ತೂ ಎಡಚಿ ಎಡಮಗ್ಗುಲು ನೋಡಿದಳು, ಸುತ್ತಿ ಬಂದು ಬಲಮಗ್ಗುಲು ನೋಡಿದಳು. ಪೇಂಟರ್ ತಲೆ ಎತ್ತದೆ ಬ್ರಷ್ ತೊಳೆಯುತ್ತಿದ್ದ.

"ಬಾಲದಿಂದ ಮೂತಿಗೆ ಎಳೆದಿದೀರಿ," ಎಂದಳು.

"ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಯ್ತಲ್ಲ."

"ನೀನು ಬರ್ತೀಯ ಅಂತ ನನಗೆ ಗೊತ್ತಿರ್ಲಿಲ್ಲ."

"ಆ ಕಡೆಯಿಂದ ನೋಡಿದ್ರೆ ಗಾಡಿ ಮುಂದೆ ಹೋಗ್ತಿದೆ, ಈ ಕಡೆಯಿಂದ ನೋಡಿದ್ರೆ ಹಿಂದೆ ಬರ್ತಿದೆ. ಮೇಲೆ ಕೂತ ಮೇಷ್ಟ್ರು ಎಲ್ಲಿಗೆ ಹೋಗ್ಬೇಕು?"

"ಇಂಜಿನ್ ಎಳೆದ ಕಡೆಗೆ. ಗೆರೆ ಕೇಳ್ಕೊಂಡು ಗಾಡಿ ಓಡಲ್ಲ."

ಅವಳಿಗೆ ನಗು ಬಂದಿತ್ತು. ಆದರೆ ಅಷ್ಟರಲ್ಲಿ ಇನ್ನೊಂದು ಯೋಚನೆ ಬಂದು ನಗು ಅಲ್ಲೇ ನಿಂತಿತು.

"ಬೇಕೂಂತ ಮಾಡಿದ್ರಿ, ಅಲ್ವಾ? ನೋಡಿ ತಡ್ಕೊಳ್ಳೋಕಾಗದೆ ನಾನೇ ಬಂದು ಕೂರ್ಲಿ ಅಂತ. ಅಮ್ಮನ ಕೈಲಿ ಹೇಳಿ ಬೇರೆ ಕಳಿಸಿದ್ರಿ."

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೆಂಡತಿಯನ್ನು ಉಪಾಯವಾಗಿ ಕೆಲಸಕ್ಕೆ ಕರೆತಂದ ಜಾಣ ಗಂಡನಾಗಿ ಅವನು ಉಳಿಯಬಹುದಿತ್ತು. ಅವನು ಆ ಯೋಚನೆ ಮಾಡಿದನೆಂದೇ ಕಾಣುತ್ತದೆ, ತೊಳೆದಿದ್ದ ಬ್ರಷ್ಷನ್ನೇ ಮತ್ತೊಮ್ಮೆ ಅದ್ದಿ ತೊಳೆದ. ಆಮೇಲೆ ಬೆಂಚಿನ ಕೆಳಗಿನಿಂದ ಒಂದು ಬಟ್ಟೆ ಎಳೆದು ಅವಳ ಮುಂದೆ ಹಾಕಿದ. ಬಟ್ಟೆಯ ತುಂಬ ಚಿನ್ನದ ಬಣ್ಣ ಮೆತ್ತಿತ್ತು.

"ಬೆಳಗ್ಗೆಯಿಂದ ಇದೇ ಕೆಲಸ. ಮೂತಿಯಿಂದ ಎಳೆಯೋದು, ಒರೆಸೋದು. ಬರ್ಲಿಲ್ಲ ನನಗೆ. ಕೊನೆಗೆ ಬಾಲದಿಂದ ಎಳೆದೆ, ಬಂತು, ಬಿಟ್ಟೆ. ಬೇಕೂಂತ ಏನಿಲ್ಲ. ನನ್ನ ಕೈಲಾಗೋದೇ ಅಷ್ಟು."

ಇಷ್ಟು ವರ್ಷಗಳಲ್ಲಿ ಅವನ ಬಾಯಿಂದ ಅವಳು ಅಂಥ ಮಾತು ಕೇಳಿರಲಿಲ್ಲ. ಅವಳು ಸಿಪ್ಪೆಯ ತಟ್ಟೆಯನ್ನು ಬೆಂಚಿನ ಮೇಲಿಟ್ಟಳು.

"ನನ್ನ ಕೈಲೂ ಆಗಲ್ಲ," ಎಂದಳು.

"ಇನ್ನೂ ನೋವಾ?"

"ನೋವಲ್ಲ. ಕೈಯೇ ಹೋದ ಹಾಗಿದೆ. ಮುಚ್ಚಳದ ಮೇಲೆ ಎಳೆದು ನೋಡಿದೆ."

"ಯಾವ ಮುಚ್ಚಳ?"

"ಹಾಲಿನ ಪಾತ್ರೇದು."

"ಓ. ಅದಕ್ಕೇನಾ ಹಾಲು ಟರ್ಪೆಂಟೈನ್ ನಾತ ಹೊಡೀತಿದ್ದಿದ್ದು? ಅಮ್ಮ ಹಾಲಿನವನ ಜೊತೆ ಬೀದೀಲಿ ನಿಂತು ಜಗಳ ಆಡಿದಾಳಲ್ಲೇ."

"ಗೊತ್ತು. ನಾನೂ ಅವರ ಪಕ್ಕದಲ್ಲಿ ನಿಂತು ಹೌದು ಹೌದು ಅಂದೆ."

ಅವನು ನಕ್ಕ. ಅವಳು ಶುದ್ಧ ಬಟ್ಟೆಯೊಂದನ್ನು ಟರ್ಪೆಂಟೈನಿನಲ್ಲಿ ಅದ್ದಿ ಹಿಂಡಿದಳು. ಗೆರೆ ಇನ್ನೂ ಹಸಿಯಾಗಿತ್ತು, ಸಂಜೆಯ ತನಕ ಬಿಟ್ಟರೆ ಹಿಡಿದುಕೊಳ್ಳುತ್ತಿತ್ತು. ಅವಳು ಮತ್ತೆ ಯೋಚಿಸಲು ಹೋಗದೆ ಒಂದೇ ಎಳೆತಕ್ಕೆ ಒರೆಸಿದಳು. ಕ್ಲಿಯರಿನ ಅಡಿಯಲ್ಲಿ ರೆಕ್ಕೆ ಹಾಗೇ ಇತ್ತು, ಸುತ್ತ ಬರಿಯ ಕಡುಗೆಂಪು.

"ಒರೆಸಿಬಿಟ್ಟೆಯಲ್ಲ," ಎಂದ ಅವನು.

"ಒರೆಸಿದೆ. ಆ ಬ್ರಷ್ ಕೊಡಿ ಇಲ್ಲಿ."

ಡಬ್ಬದ ಮುಚ್ಚಳದ ಮೇಲೆ ಬಣ್ಣ ಹಾಕಿ ಬ್ರಷ್ಷಿನ ಉದ್ದ ಕೂದಲನ್ನು ಎಳೆದು ಎಳೆದು ನೆನೆಸಿದಳು. ಕಿರುಬೆರಳನ್ನು ಟ್ಯಾಂಕಿಗೆ ಆನಿಸಿ ಮೂತಿಯಿಂದ ಹೊರಟಳು. ರೆಕ್ಕೆಯ ತುದಿಯ ತನಕ ಗೆರೆ ಬಂತು. ಅಲ್ಲಿ ಭುಜ ಹಿಡಿಯಿತು, ಬ್ರಷ್ಷು ಹಾರಿತು. ಒರೆಸಿ ಮತ್ತೆ ಎಳೆದಳು. ಮತ್ತೆ ಅಲ್ಲಿಯೇ. ಮೂರನೆಯ ಸಲಕ್ಕೆ ಅವಳ ಹಣೆ ಬೆವೆತಿತ್ತು.

"ಒರೆಸ್ಬೇಡ, ತಡಿ," ಎಂದು ಪೇಂಟರ್ ಬಗ್ಗಿ, ಮುಖವನ್ನು ಟ್ಯಾಂಕಿನ ಹತ್ತಿರ ತಂದ. "ಇಲ್ಲೀತನಕ ನೋಡು. ಏನಾಗಿದೆ ಇದಕ್ಕೆ? ಕೈ ಹೋಗಿಲ್ಲ ಕಣೆ. ಹೋಗಿರೋದು ಭುಜ."

ಅವಳು ನೋಡಿದಳು. ಮೂತಿಯಿಂದ ರೆಕ್ಕೆಯ ತನಕ ಗೆರೆ ಒಂದು ಕಡೆಯೂ ನಡುಗಿರಲಿಲ್ಲ. ಅಂದು ಮುಚ್ಚಳ ತಿಕ್ಕುವ ಆತುರದಲ್ಲಿ, ಗೆರೆ ಎಲ್ಲಿಂದ ಒಡೆಯಿತೆಂದು ಅವಳು ನೋಡಿಯೇ ಇರಲಿಲ್ಲ. ನೋಡುತ್ತ ಕೂತವಳು ಇದ್ದಕ್ಕಿದ್ದಂತೆ ಶೆಡ್ಡಿನ ಮೂಲೆಯ ಕಡೆ ತಿರುಗಿದಳು. ಗಾಡಿಗಳ ಕೆಳಗೆ ಮಲಗಿ ನುಸುಳಲು ಇಟ್ಟುಕೊಂಡ ಚಕ್ರದ ಹಲಗೆ ಅಲ್ಲಿ ಗೋಡೆಗೆ ಒರಗಿತ್ತು.

"ಭುಜ ಆಡಿಸಿದ್ರೆ ತಾನೆ ಹಿಡಿಯೋದು," ಎಂದಳು. "ನಾನು ಆಡಿಸಲ್ಲ. ನೀವು ನನ್ನನ್ನೇ ಎಳೀರಿ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅವನು ಎದ್ದ. ನೆಲ ಗುಡಿಸಿ ಒದ್ದೆ ಬಟ್ಟೆಯಿಂದ ಒರೆಸಿದ, ಚಕ್ರಗಳಿಗೆ ಎಣ್ಣೆ ಬಿಟ್ಟ. ಎಡಮಗ್ಗುಲಿನ ಹಸಿ ಗೆರೆಗೆ ತಾಗದಂತೆ, ಗಾಡಿಯ ಮೇಲಿದ್ದ ಟ್ಯಾಂಕನ್ನು ಅಡಿಯಿಂದ ಹಿಡಿದೆತ್ತಿ, ಒಂದು ತಗ್ಗಿನ ಪೆಟ್ಟಿಗೆಯ ಮೇಲೆ ಕೂರಿಸಿದ. ಎಡಚಿ ಅರ್ಧ ಎಳೆದ ಗೆರೆಯನ್ನು ಒರೆಸಿ, ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಅವನು ಅವಳ ಎಡಗಡೆ ಮಂಡಿಯೂರಿ ಹಲಗೆಯ ತುದಿ ಹಿಡಿದ. ಬಣ್ಣವಿಲ್ಲದ ಬ್ರಷ್ ಹಿಡಿದು ಒಮ್ಮೆ ಹೋಗಿಬಂದರು, ಇನ್ನೊಮ್ಮೆ ಹೋಗಿಬಂದರು.

"ಏನೋ ಇದು?" ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಈ ವಯಸ್ಸಲ್ಲಿ ಗಾಡಿ ಆಟ ಆಡ್ತಿದೀರಾ?"

"ಅಮ್ಮ, ಸುಮ್ನಿರು. ಉಸಿರಾಡ್ಬೇಡ."

"ಉಸಿರಾಡ್ಬೇಡ ಅಂದ್ರೆ? ಸಾಯ್ಲಾ?"

"ಸ್ವಲ್ಪ ಹೊತ್ತು ಅಷ್ಟೆ."

ಎಡಚಿ ಬ್ರಷ್ಷನ್ನು ತುಂಬಿಸಿ ಮೂತಿಯ ಹತ್ತಿರ ಊರಿದಳು. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡಳು. "ಹೂಂ," ಎಂದಳು. ಹಲಗೆ ಹೊರಟಿತು. ಅವಳು ಕೈಯನ್ನು ಅಲ್ಲಾಡಿಸಲೇ ಇಲ್ಲ, ಟ್ಯಾಂಕಿನ ಉಬ್ಬುತಗ್ಗಿಗೆ ತಕ್ಕಂತೆ ಬೆರಳ ತುದಿಗಳಷ್ಟೆ ಏರಿ ಇಳಿದವು. ರೆಕ್ಕೆಯ ತುದಿ ಬಂತು, ಹೋಯಿತು. ರೆಕ್ಕೆಯ ಹೊಟ್ಟೆಯ ಹತ್ತಿರ ಚಕ್ರವೊಂದು ನೆಲದ ಬಿರುಕಿನ ಮೇಲೆ ಹಾಯ್ದು ಹಲಗೆ ಸಣ್ಣಗೆ ಕುಲುಕಿತು. ಅವನು ನಿಲ್ಲಿಸಲಿಲ್ಲ. ಗೆರೆ ಸಣ್ಣಗಾಗುತ್ತ ಸೀಟಿನ ಕಡೆಯ ಅಂಚಿನಲ್ಲಿ ಕೂದಲೆಳೆಯಾಗಿ ಮುಗಿಯಿತು.

ಕುಲುಕಿದ ಜಾಗದಲ್ಲಿ ಗೆರೆ ಕೊಂಚವೇ ದಪ್ಪವಾಗಿತ್ತು. ಇಬ್ಬರೂ ಅದನ್ನು ನೋಡಿದರು.

"ಒರೆಸ್ತೀಯಾ?" ಎಂದ ಪೇಂಟರ್.

"ಬೇಡ, ಇರ್ಲಿ. ಹೊರಗಿನ ಸಣ್ಣ ಗೆರೆಗೆ ಇನ್ನೂ ನಿಧಾನ ಎಳೀರಿ."

"ಎತ್ತು ಅಂದ್ಕೊಂಡಿದೀಯಾ ನನ್ನ?"

"ಎತ್ತಾಗಿದ್ರೆ ಎದುರು ಮಾತಾಡ್ತಿರ್ಲಿಲ್ಲ."

ಅತ್ತೆ ಮೂಲೆಯಲ್ಲಿದ್ದ ಮೇಷ್ಟ್ರ ಕುರ್ಚಿ ಎಳೆದುಕೊಂಡು ಕೂತರು. ಬೆಂಚಿನ ಮೇಲಿನ ಸಿಪ್ಪೆಯ ತಟ್ಟೆಯಲ್ಲಿ ತಪ್ಪಿಹೋಗಿದ್ದ ಕಾಳುಗಳನ್ನು ಹೆಕ್ಕುತ್ತ ಎರಡನೆಯ ಗೆರೆ ನೋಡಿದರು.

ಡ್ರಿಲ್ ಮೇಷ್ಟ್ರು ಬರುವಾಗ ಬಿಸಿಲು ಇಳಿದಿತ್ತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಟ್ಯಾಂಕಿನ ಸುತ್ತ ಒಂದು ಸುತ್ತು ಬಂದರು. ಬಲಮಗ್ಗುಲಿನಲ್ಲಿ ನಿಂತು ಬಹಳ ಹೊತ್ತು ನೋಡಿದರು. ಗಂಡ ಹೆಂಡತಿ ಇಬ್ಬರೂ ಅವರ ಮುಖವನ್ನೇ ನೋಡುತ್ತಿದ್ದರು.

"ಆಗ್ಲೇ ಹೇಳಿದ್ನಲ್ಲ, ಚೆನ್ನಾಗಿದೆ ಅಂತ," ಎಂದರು ಮೇಷ್ಟ್ರು. "ಯಾಕೆ ಕೆಳಗಿಳಿಸಿದೀರಿ?"

"ಗಾಳಿ ಆಡ್ಲಿ ಅಂತ," ಎಂದ ಪೇಂಟರ್.

ಎಡಚಿ ಬೆನ್ನು ತಿರುಗಿಸಿ ಬ್ರಷ್ ತೊಳೆಯತೊಡಗಿದಳು. ಅವಳ ಹೆಗಲು ನಗುವಿಗೆ ಕುಲುಕುತ್ತಿತ್ತು.

ಕೆಲಸದ ನಡುವೆ ಯಾವಾಗಲೋ ಒಂದು ಹನಿ ಬಣ್ಣ ನೆಲಕ್ಕೆ ಬಿದ್ದು ಚಕ್ರಕ್ಕೆ ಹತ್ತಿಕೊಂಡಿತ್ತು. ಸಿಮೆಂಟಿನ ಮೇಲೆ ಪೆಟ್ಟಿಗೆಯ ಉದ್ದಕ್ಕೂ ತೆಳ್ಳನೆಯ ಚಿನ್ನದ ಗೆರೆಯೊಂದು, ಬಿಟ್ಟು ಬಿಟ್ಟು, ಆಮೇಲೆ ಹಲಗೆಯನ್ನು ತಳ್ಳಿಟ್ಟ ಬೀದಿಬಾಗಿಲ ತನಕ ಹೋಗಿತ್ತು. ಹೊರಡುವಾಗ ಮೇಷ್ಟ್ರು ಅದನ್ನು ಕಂಡು ನಿಂತರು. ಹಸಿ ಇರಬಹುದೆಂದು ಪ್ಯಾಂಟನ್ನು ತುಸು ಮೇಲಕ್ಕೆತ್ತಿ, ಮಂಡಿಯನ್ನು ಎದೆಯ ಮಟ್ಟಕ್ಕೆ ಏರಿಸಿ, ಒಂದೊಂದೇ ಕಾಲಾಗಿ ದಾಟಿ ಬೀದಿಗಿಳಿದರು.