ದರ್ಜಿಯಮ್ಮ ಮಗಳ ಫೈಲು ತಂದದ್ದು

ಊರಿನ ಆಸ್ಪತ್ರೆಯ ಗೇಟಿಗೆ ಒಂದು ಕಾಗದ ಅಂಟಿಸಿದ್ದರು: ‘ಈ ತಿಂಗಳ ಕೊನೆಗೆ ಆಸ್ಪತ್ರೆ ಮುಚ್ಚುತ್ತದೆ. ನಿಮ್ಮ ನಿಮ್ಮ ಫೈಲು ತೆಗೆದುಕೊಂಡು ಹೋಗಿ.’ ಓದಿದ ದರ್ಜಿಯಮ್ಮನಿಗೆ ಸಿಟ್ಟು ಬಂತು. ಫೈಲು ಕೇಳದೆಯೇ ಮನೆಗೆ ಬಂದಳು.

ಒಂದು ಕಾಲದಲ್ಲಿ ಆ ಊರಿನವರು ಜ್ವರ ಬಂದರೂ ಹೊಳೆ ದಾಟಬೇಕಿತ್ತು. ನೂಲಿನ ಗಿರಣಿಯ ಕೆಲಸಗಾರರು ರಜೆಯ ದಿನಗಳಲ್ಲಿ ತಾವೇ ಇಟ್ಟಿಗೆ ಹೊತ್ತು ಆರು ಹಾಸಿಗೆಯ ಆಸ್ಪತ್ರೆ ಕಟ್ಟಿದರು. ಮೊದಲು ಬಂದ ಡಾಕ್ಟರಮ್ಮ ಮೂವತ್ತೊಂದು ವರ್ಷ ಅಲ್ಲೇ ಉಳಿದರು. ಹಾಸಿಗೆ ಸಾಲದ ದಿನ ತಮ್ಮ ಮನೆಯ ಮಂಚವನ್ನೇ ವಾರ್ಡಿಗೆ ಹೊರಿಸಿದ ಮಹಾತಾಯಿ ಆಕೆ. ಅಲ್ಲಿನ ಪರದೆ, ದಿಂಬಿನ ಚೀಲ, ಹಸಿರು ಗೌನು ಎಲ್ಲ ದರ್ಜಿಯಮ್ಮನ ಕೈಯ ಹೊಲಿಗೆ.

ಡಾಕ್ಟರಮ್ಮ ತೀರಿಕೊಂಡ ಮೇಲೆ ಬಂದವರು ಯಾರೂ ನಿಲ್ಲಲಿಲ್ಲ. ಗಿರಣಿಯೂ ನಿಂತಿತು. ಗೋಡೆಗಳು ಬಿರುಕು ಬಿಟ್ಟವು. ಕೊನೆಗೆ ಉಳಿದದ್ದು ನರ್ಸಕ್ಕ ಒಬ್ಬರೇ.

ಆ ನರ್ಸಕ್ಕ ಮರುದಿನ ದರ್ಜಿಯಮ್ಮನ ಹೊಲಿಗೆ ಅಂಗಡಿಗೇ ಬಂದರು.

“ಎಲ್ರೂ ಬಂದ್ರು. ನೀವ್ಯಾಕೆ ಫೈಲು ತಗೊಳ್ಳೋಕೆ ಬರ್ಲಿಲ್ಲ?”

“ಆಸ್ಪತ್ರೇನೇ ಹೋದ್ಮೇಲೆ ಆ ರದ್ದಿ ತಗೊಂಡು ಉಪ್ಪಿನಕಾಯಿ ಹಾಕ್ಲಾ?”

“ಮಗಳಿಗೆ ಏಳು ತಿಂಗಳು ತುಂಬಿತಲ್ಲ, ಹೆರಿಗೆ ಎಲ್ಲಿ?”

“ಹೊಳೆಯಾಚೆ ದೊಡ್ಡಾಸ್ಪತ್ರೇಲಿ. ಅವ್ರು ಕೇಳಿದ್ದಕ್ಕೆಲ್ಲ ನಾನು ಬಾಯಲ್ಲೇ ಹೇಳ್ತೀನಿ ಬಿಡಿ.”

“ಹಾಗಾದ್ರೆ ಹೇಳಿ ನೋಡೋಣ. ಮೂರು ವರ್ಷದವಳಿದ್ದಾಗ ಅವಳಿಗೆ ಒಂದು ಇಂಜೆಕ್ಷನ್ ಆಗಿಬರ್ಲಿಲ್ಲ. ಯಾವ್ದು?”

ದರ್ಜಿಯಮ್ಮನ ಮಿಷನ್ನು ನಿಂತಿತು. ಆ ದಿನ ಮಗುವಿನ ತುಟಿ ಊದಿಕೊಂಡದ್ದು, ಉಸಿರು ಸಿಕ್ಕಿಕೊಂಡದ್ದು, ಡಾಕ್ಟರಮ್ಮ ಊಟ ಬಿಟ್ಟು ಸಂಜೆವರೆಗೂ ಪಕ್ಕದಲ್ಲೇ ಕೂತದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಔಷಧದ ಹೆಸರು ಮಾತ್ರ ಸುತರಾಂ ನೆನಪಿಲ್ಲ.

“ಅದೇ... ಬಿಳೀ ಪುಡಿ. ನೀರು ಹಾಕಿ ಅಲ್ಲಾಡಿಸ್ತಾರಲ್ಲ...”

“ಅಂಥವು ಇಪ್ಪತ್ತಿವೆ ತಾಯಿ!”

ಬಾಗಿಲಲ್ಲಿ ಕೂತಿದ್ದ ಅವಳ ಗಂಡ, ಬಡಗಿ, ಎದ್ದು ನಿಂತ. “ನಂಗೂ ನೆನಪಿಲ್ಲ ಕಣೇ. ಏಳು, ಹೋಗೋಣ.”

ದಾಖಲೆ ಕೋಣೆಯ ಕಪಾಟಿನಿಂದ ನರ್ಸಕ್ಕ ಫೈಲು ತೆಗೆದುಕೊಟ್ಟರು. ಮೊದಲ ಹಾಳೆಯಲ್ಲೇ ಕೆಂಪು ಶಾಯಿಯಲ್ಲಿ ಔಷಧದ ಹೆಸರಿತ್ತು. ಕೆಳಗೆ ಡಾಕ್ಟರಮ್ಮನ ದುಂಡು ಅಕ್ಷರ: ‘ಈ ಮಗುವಿಗೆ ಇದನ್ನು ಎಂದೂ ಕೊಡಬೇಡಿ. ನಾನು ಇಲ್ಲದಿದ್ದರೂ ಇದನ್ನು ಓದಿಯೇ ಚಿಕಿತ್ಸೆ ಮಾಡಿ.’

“ಇದನ್ನ ರದ್ದಿ ಅಂದ್ನಲ್ಲ, ನನ್ನ ನಾಲಿಗೆಗೆ ಬೆಂಕಿ ಬೀಳ!” ದರ್ಜಿಯಮ್ಮ ಕಣ್ಣೊರೆಸಿಕೊಂಡಳು.

“ನಿಮ್ಮ ಬಿಪಿ ಫೈಲೂ ಇದೆ, ತಗೊಳ್ಳಿ,” ಎಂದರು ನರ್ಸಕ್ಕ. “ಆಸ್ಪತ್ರೆ ಮುಚ್ಚಿತು ಅಂತ ಮಾತ್ರೆ ನಿಲ್ಲಿಸ್ಬೇಡಿ. ಈ ವಾರವೇ ಹೊಳೆಯಾಚೆ ಹೋಗಿ ಇಬ್ಬರ ಹೆಸರೂ ಬರೆಸಿ.”

ಕೊನೆಯ ದಿನ ನರ್ಸಕ್ಕ ಬಾಗಿಲಿಗೆ ಬೀಗ ಹಾಕಿದಾಗ, ಗಿರಣಿಯ ಮುದುಕರು ಬಿಸಿಲಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನರ್ಸಕ್ಕ ಅವರಿಗೆ ಕೈ ಮುಗಿದರು.

ಎರಡು ತಿಂಗಳ ಮೇಲೆ ದೊಡ್ಡಾಸ್ಪತ್ರೆಯಲ್ಲಿ ಮಗಳಿಗೆ ಹೆಣ್ಣು ಮಗು ಹುಟ್ಟಿತು. ಬಾಣಂತಿಗೆ ಜ್ವರ ಏರಿತು. ಔಷಧ ಬರೆಯಲು ಹೊರಟ ಎಳೆಯ ಡಾಕ್ಟರು ಫೈಲು ತೆರೆದವರೇ ಪೆನ್ನು ಹಿಂದೆಳೆದರು.

“ಒಳ್ಳೇದಾಯ್ತಮ್ಮ, ಇದನ್ನ ತಂದ್ರಿ. ನಾನು ಆ ಇಂಜೆಕ್ಷನ್ನೇ ಬರೀತಿದ್ದೆ.”

ಬೇರೆ ಔಷಧ ಕೊಟ್ಟರು. ಮೂರನೇ ದಿನಕ್ಕೆ ಜ್ವರ ಇಳಿಯಿತು.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹತ್ತಿರದ ಆಸ್ಪತ್ರೆ ಮುಚ್ಚುತ್ತಿದೆಯೇ? ಬೇಸರ ಪಡಿ, ಅದನ್ನು ಕಟ್ಟಿದವರಿಗೆ ಕೈ ಮುಗಿಯಿರಿ. ಆದರೆ ಬೀಗ ಬೀಳುವ ಮೊದಲು ಮನೆಯವರೆಲ್ಲರ ಫೈಲು ಕೇಳಿ ಪಡೆಯಿರಿ. ಯಾರಿಗೆ ಯಾವ ಔಷಧ ಆಗಿಬರುವುದಿಲ್ಲ ಎಂಬುದನ್ನು ಬರೆದಿಡಿ. ಹೊಸ ಆಸ್ಪತ್ರೆಯಲ್ಲಿ ಇಂದೇ ಹೆಸರು ಬರೆಸಿ. ನಾಳೆ ಎನ್ನಬೇಡಿ.