ನೀರು ಒಯ್ಯದ ಫೋಟೊಗಳು

ನಾನು ಹೇಳಿದ ಒಂದು ಸುಳ್ಳನ್ನು ಕೆನ್ಯೆಟ್ಟಾ ಆರಡಿ ಎತ್ತರ ಮಾಡಿ ಗೋಡೆಗೆ ತೂಗುಹಾಕಿದ್ದಳು.

ಅವಳು ನನ್ನ ತೀರಿಹೋದ ತಂಗಿ ಲೊರೇನಳ ಮಗಳು. ಅವಳಿಗೆ ಐದು ವರ್ಷವಾದಾಗಿನಿಂದ ಸಾಕಿದವಳು ನಾನೇ. ಡೆಟ್ರಾಯ್ಟ್‌ನ ಪಶ್ಚಿಮ ಭಾಗದಲ್ಲಿ, ನಮ್ಮ ಬೀದಿಯ ಮುಚ್ಚಿಹೋದ ಲಾಂಡ್ರಿಯಲ್ಲಿ ಶನಿವಾರ ಅವಳ ಚಿತ್ರಪ್ರದರ್ಶನ. ಕೆಲಸ ಹಿಡಿದರೆ ಊಟದ ನೆನಪಿರದ ಹುಡುಗಿ ಎಂದು ಗುರುವಾರ ಮಧ್ಯಾಹ್ನ ಬೇಯಿಸಿದ ಸೊಪ್ಪು, ಹುರಿದ ಮೀನು ಕಟ್ಟಿಕೊಂಡು ಹೋದೆ.

ಗೋಡೆ ತುಂಬ ನಮ್ಮ ಬೀದಿಯ ಮಕ್ಕಳು. ಈಗ ಅವರೆಲ್ಲ ಮೂವತ್ತು ದಾಟಿದವರು, ಚಿತ್ರದಲ್ಲಿ ಮಾತ್ರ ಏಳೆಂಟು ವರ್ಷದವರು. ಶಾಲೆಯ ಫೋಟೊಗಳನ್ನು ದೊಡ್ಡದು ಮಾಡಿ ಹಳೆಯ ಕಿಟಕಿ ಚೌಕಟ್ಟುಗಳಿಗೆ ಅಂಟಿಸಿ, ಸುತ್ತ ಕೌದಿಯ ಚೂರು, ಜಡೆಯ ಮಣಿ, ಕ್ಲಿಪ್ಪು, ಚರ್ಚಿನ ರಟ್ಟಿನ ಬೀಸಣಿಗೆ, ಬಣ್ಣ ಎಲ್ಲ ಸೇರಿಸಿದ್ದಳು. ಒಬ್ಬೊಬ್ಬರೂ ನೆಟ್ಟಗೆ ನನ್ನನ್ನೇ ನೋಡುತ್ತಿದ್ದರು.

"ಅಯ್ಯೋ, ಇವನು ಬರ್ನಾಡೀನ್ ಮಗ ಡೆಮೆಟ್ರಿಯಸ್ ಅಲ್ವೇನೇ! ಮೂಗು ಸುರಿಸ್ಕೊಂಡು ತಿರುಗ್ತಿದ್ದೋನು, ಒಳ್ಳೆ ಮಹಾರಾಜನ ಥರ ಕೂತಿದಾನಲ್ಲೇ!"

"ಅವನೂ ನಿನ್ನೆ ನೋಡಿ ಅತ್ತುಬಿಟ್ಟ ದೊಡ್ಡಮ್ಮ," ಎಂದಳು ಕೆನ್ಯೆಟ್ಟಾ. "ಬಾ, ಕೊನೇದು ನೋಡು. ಅದು ನಾನು."

ಕೊನೆಯ ಚೌಕಟ್ಟಿನಲ್ಲಿ ನೀಲಿ ಗಾಜಿನ ಚೂರು, ಒಣಗಿದ ಕೆಸರು. ಮುಖ ಇರಬೇಕಾದ ಜಾಗದಲ್ಲಿ ಬರೀ ಮರದ ಹಲಗೆ. ಕೆಳಗಿನ ಚೀಟಿಯಲ್ಲಿ, 'ನೆಲಮಾಳಿಗೆಗೆ ನೀರು ನುಗ್ಗಿದ ವರ್ಷ' ಎಂದು ಬರೆದಿತ್ತು.

"ಶನಿವಾರ ಎಲ್ಲರ ಮುಂದೆ, ನನ್ನ ಫೋಟೊ ಎಲ್ಲ ಒಯ್ದ ಆ ನೀರಿನ ಕಥೆ ನೀನೇ ಹೇಳ್ಬೇಕು. ನಿನ್ನ ಬಾಯಲ್ಲಿ ಬಂದ್ರೇನೇ ಚೆಂದ."

ನೀರು ನುಗ್ಗಿದ್ದು ನಿಜ. ಅದು ಒಯ್ದದ್ದು ಲೊರೇನಳ ಎರಡು ಕೋಟು ಮತ್ತು ಕ್ರಿಸ್‌ಮಸ್ ಸಾಮಾನು. ಅವಳ ಫೋಟೊಗಳು ಅಷ್ಟು ಹೊತ್ತಿಗೆ ಇರಲೇ ಇಲ್ಲ.

ಶಾಲೆಯಲ್ಲಿ ಫೋಟೊ ತೆಗೆಯುವ ಹಿಂದಿನ ದಿನ ಬೀದಿಯ ಮಕ್ಕಳೆಲ್ಲ ನನ್ನ ಅಡುಗೆಮನೆಯಲ್ಲಿರುತ್ತಿದ್ದರು. ತಲೆ ಬಾಚುವುದರಲ್ಲಿ ನನ್ನ ಕೈ ಅಂಥದು. ಒಬ್ಬೊಬ್ಬರನ್ನೇ ನೆಲದ ಮೇಲೆ ನನ್ನ ಮೊಣಕಾಲುಗಳ ನಡುವೆ ಕೂರಿಸಿ, ಎಣ್ಣೆ ಹಚ್ಚಿ, ಗುಂಗುರು ನೆಟ್ಟಗಾಗಲೆಂದು ಒಲೆಯ ಮೇಲೆ ಕಾಯಿಸಿದ ಕಬ್ಬಿಣದ ಬಾಚಣಿಗೆ ಎಳೆದು ಕಳಿಸುತ್ತಿದ್ದೆ. ಎರಡನೇ ತರಗತಿಯ ಫೋಟೊ ಬಂದಾಗ ಕೆನ್ಯೆಟ್ಟಾಳ ಮುಖವೇ ಅದರಲ್ಲಿ ಇರಲಿಲ್ಲ. ಒಂದು ಕಪ್ಪು ಕಲೆ, ಅದರಲ್ಲಿ ಹಲ್ಲು, ಜಡೆಯ ಬಿಳಿ ಮಣಿಗಳು. ಆ ದರಿದ್ರ ಫೋಟೊದವನು ಬಿಳಿಯರ ಮಕ್ಕಳಿಗೆ ಇಟ್ಟ ಬೆಳಕಿನಲ್ಲೇ ನಮ್ಮ ಮಕ್ಕಳನ್ನೂ ತೆಗೆದಿದ್ದ. ಅಷ್ಟಿಷ್ಟು ತಿಳಿ ಬಣ್ಣದವರು ಬಚಾವಾಗಿದ್ದರು. ಇವಳು ಎಲ್ಲರಿಗಿಂತ ಕಪ್ಪು.

ಅವನ ಕುತ್ತಿಗೆ ಹಿಡಿಯಬೇಕಾಗಿತ್ತು. ನಾನು ಹಿಡಿದದ್ದು ಮಗುವನ್ನು. "ಬಿಸಿಲಲ್ಲಿ ಕುಣೀಬೇಡ ಅಂತ ಬಡ್ಕೊಂಡೆ, ಕೇಳಿದ್ಯೇನೇ? ನೋಡೀಗ!" ಎಂದು ಬೈದೆ. ನನ್ನ ತಾಯಿ ನನಗೆ ಬೈದದ್ದೂ ಇದೇ ಮಾತು. ಆ ಫೋಟೊವನ್ನೂ ಅದಕ್ಕೆ ಮುಂಚಿನ ಒಂದೆರಡನ್ನೂ ಹರಿದು ಕಸಕ್ಕೆ ಹಾಕಿದೆ. ಆಮೇಲಿನ ವರ್ಷಗಳಲ್ಲಿ ಫೋಟೊದ ದಿನ ಅವಳನ್ನು ಶಾಲೆಗೇ ಕಳಿಸಲಿಲ್ಲ. ಯಾರಾದರೂ ಕ್ಯಾಮೆರಾ ತಂದರೆ ಹಿಂದಿನ ಸಾಲಿಗೆ ತಳ್ಳುತ್ತಿದ್ದೆ. ನಾಲ್ಕು ಜನರ ಮಾತಿನಿಂದ ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ, ದೇವರಾಣೆ. ಹದಿನೈದರಲ್ಲಿ ಅವಳು ತನ್ನ ಫೋಟೊ ಕೇಳಿದಾಗ ನೆಲಮಾಳಿಗೆಯಲ್ಲಿ ಮೊಣಕಾಲುದ್ದ ನೀರಿತ್ತು. ಸುಳ್ಳು ಸಲೀಸಾಗಿ ಬಾಯಿಗೆ ಬಂತು.

ಈಗ ಸುಮ್ಮನಿದ್ದರೆ ಶನಿವಾರ ಇಡೀ ಬೀದಿಯ ಎದುರು ಅದನ್ನೇ ಹೇಳಬೇಕು. ಬಾಯಿ ಬಿಟ್ಟರೆ ನನಗಿರುವ ಒಂದೇ ಮಗು ಕೈತಪ್ಪಿ ಹೋದೀತು. ಚೀಟಿಯನ್ನು ಇನ್ನೊಮ್ಮೆ ಓದಿದೆ, ತಡೆಯಲಾಗಲಿಲ್ಲ.

"ನೀರಲ್ಲ ಕಣೇ. ನಾನೇ ಹರಿದು ಬಿಸಾಕಿದೆ," ಎಂದು ಎಲ್ಲವನ್ನೂ ಹೇಳಿದೆ.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

"ಹಾಗಾದ್ರೆ ನಂಗೆ ಜ್ವರ ಬರ್ತಿರ್ಲಿಲ್ವಾ?" ಎಂದಳು. "ಪ್ರತಿ ವರ್ಷ ಫೋಟೊ ದಿನಾನೇ ಜ್ವರ ಅಂತ ನೀನು ನನ್ನ ಮಲಗಿಸ್ತಿದ್ದೆ. ನಾನು ರೋಗಿಷ್ಟ ಮಗು ಅಂತ್ಲೇ ಇವತ್ತಿನವರೆಗೂ ಅಂದ್ಕೊಂಡಿದ್ದೆ ದೊಡ್ಡಮ್ಮ. ಡಾಕ್ಟ್ರಿಗೂ ಹಾಗೇ ಹೇಳ್ತೀನಿ."

"ತಪ್ಪಾಯ್ತು ಕಂದಾ."

ಅವಳು ಕಣ್ಣೊರೆಸಿಕೊಂಡಳು. ಪೆನ್ಸಿಲ್ ತೆಗೆದುಕೊಂಡು ಖಾಲಿ ಹಲಗೆಯ ಮುಂದೆ ನಿಂತಳು. "ಸರಿ, ಹೇಳು. ಎರಡನೇ ಕ್ಲಾಸಲ್ಲಿ ನಾನು ಹೇಗಿದ್ದೆ? ಬರೀತೀನಿ."

"ನೆತ್ತಿ ಎಡಕ್ಕೆ ಒಂದು ಸುಳಿ. ಕುತ್ತಿಗೆ ಹತ್ರ ಕೂದಲು ಎಷ್ಟು ಒತ್ತು ಅಂದ್ರೆ ಎರಡು ಬಾಚಣಿಗೆ ಮುರಿದಿದೀನಿ..."

"ಕೂದಲು ಬೇಡ. ಮುಖ ಹೇಳು."

ಬಾಯಿ ತೆರೆದೆ. ಹುಬ್ಬು ಹೇಗಿತ್ತು? ಆಗ ಮುಂದಿನ ಹಲ್ಲು ಬಿದ್ದಿತ್ತೇ? ಹನ್ನೆರಡು ವರ್ಷ ಭಾನುವಾರ ತಪ್ಪದೆ ಆ ತಲೆ ಬಾಚಿದ್ದೆ, ಅವಳು ಅಷ್ಟೂ ಹೊತ್ತು ನನಗೆ ಬೆನ್ನು ಹಾಕಿ ಕೂತಿರುತ್ತಿದ್ದಳು. ಬಾಚಿ ಮುಗಿದ ಮೇಲೆ ತಿರುಗಿಸಿ ನೋಡಿದ್ದೂ ಜಡೆ ಸಮವಾಗಿದೆಯೇ ಎಂದು.

"ಗೊತ್ತಾಗ್ತಿಲ್ಲ ಕಣೇ," ಎಂದೆ.

ಅವಳು ಪೆನ್ಸಿಲ್ ಕೆಳಗಿಟ್ಟು ಚೀಟಿ ಕಿತ್ತಳು.

"ಶನಿವಾರ ನೀನೇ ಮಾತಾಡ್ಬೇಕು. ಈಗ ಹೇಳಿದ್ದನ್ನೇ ಹೇಳು, ಒಂದಕ್ಷರ ಬಿಡ್ಬೇಡ. ಹೇಳೋವಾಗ ಜನರ ಕಡೆ ಅಲ್ಲ, ನನ್ನ ಕಡೆ ನೋಡ್ಕೊಂಡು ಹೇಳು."

"ಹೂಂ."

"ಈಗ್ಲೇ ನೋಡು."

ನೋಡಿದೆ. ಮೂವತ್ತಾರು ವರ್ಷದ ಹೆಂಗಸಿನ ಮುಖ, ಅತ್ತು ಒದ್ದೆಯಾಗಿತ್ತು. ಎಡಗಣ್ಣಿನ ಕೆಳಗೆ ಸಣ್ಣ ಮಚ್ಚೆಯೊಂದಿತ್ತು. ಅದು ಹುಟ್ಟಿನಿಂದಲೇ ಇತ್ತೋ, ಆಮೇಲೆ ಬಂತೋ, ಸಾಕಿದ ನನಗೆ ಗೊತ್ತಿರಲಿಲ್ಲ.