ಆಲೂಗಡ್ಡೆಯ ಎತ್ವ

"ಇವತ್ತು ಗಡ್ಡ ಬೇಯಿಸಿದಾರಂತೆ ಕಣ್ರೀ! ಯಾರ ಗಡ್ಡವೋ ಏನೋ!"

ಆಸ್ಪತ್ರೆಯ ಊಟದ ಕೋಣೆಯಲ್ಲಿ ನಗು ಎದ್ದಿತು. ಬಡಿಸುವ ಕಿಟಕಿಯ ಹಿಂದೆ ಸೌಟು ಹಿಡಿದು ನಿಂತಿದ್ದ ಅಡುಗೆಯಾಕೆ ಬಗ್ಗಿ ನೋಡಿದಳು. ಕಪ್ಪು ಹಲಗೆಯ ಮುಂದೆ ನಾಲ್ಕೈದು ಜನ ಮೊಬೈಲು ಎತ್ತಿ ಹಿಡಿದಿದ್ದರು. ಬೆಳಿಗ್ಗೆ ಅವಳೇ ಬರೆದದ್ದು: 'ಬೇಯಿಸಿದ ಆಲೂಗಡ್ಡ'. ಕೊನೆಯ ಅಕ್ಷರಕ್ಕೆ ಎತ್ವ ಕೊಡುವುದು ಮರೆತುಹೋಗಿತ್ತು.

ಇಪ್ಪತ್ತೆರಡು ವರ್ಷದಿಂದ ಅವಳು ಆ ಒಲೆಯ ಮುಂದೆ ನಿಂತವಳು. ಮೂತ್ರಪಿಂಡದ ಕಾಯಿಲೆಯವರಿಗೆ ಆಲೂಗಡ್ಡೆಯನ್ನು ತೆಳ್ಳಗೆ ಹೆಚ್ಚಿ ನೆನೆಹಾಕಬೇಕು, ಆ ನೀರು ಚೆಲ್ಲಿ ಬೇರೆ ನೀರಿನಲ್ಲಿ ಕುದಿಸಿ ಅದನ್ನೂ ಬಸಿಯಬೇಕು. ಹಲ್ಲಿಲ್ಲದವರಿಗೆ ಹಳೆಯ ಗಡ್ಡೆಯನ್ನೇ ಆರಿಸಿ ಬಿಸಿಯಿರುವಾಗಲೇ ಹಿಸುಕಬೇಕು, ಆರಿದರೆ ಅಂಟಂಟು. ಇದೆಲ್ಲ ಅವಳ ಬೆರಳಿಗೆ ಗೊತ್ತು. ಮುಖ್ಯ ಅಡುಗೆಯವರು ನಿವೃತ್ತರಾದಾಗ ಆ ಜಾಗ ನಿಮಗೇ ಎಂದಿದ್ದರು ಮೇಲ್ವಿಚಾರಕರು. ಒಂದೇ ಷರತ್ತು: ಒಂದು ತಿಂಗಳು ದಿನವೂ ಹಲಗೆಯ ಮೇಲೆ ಅಂದಿನ ಊಟದ ಪಟ್ಟಿ ಬರೆದು ತೋರಿಸಬೇಕು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮಗಳು ಮೂರನೇ ತರಗತಿಯಲ್ಲಿದ್ದಾಗ ಟೀಚರ್ ಆಟ ಆಡುತ್ತ ಅಮ್ಮನಿಗೂ ನಾಲ್ಕಕ್ಷರ ಕಲಿಸಿದ್ದಳು. ಆ ಮಗಳೇ ಎರಡು ತಿಂಗಳಿಂದ ಇದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಗುಮಾಸ್ತೆ.

ಅಷ್ಟರಲ್ಲಿ ಮಗಳು ಆಫೀಸಿನ ಗೆಳತಿಯರೊಂದಿಗೆ ಒಳಗೆ ಬಂದಳು. ಸದ್ಯ, ಇನ್ನು ಇವರ ಬಾಯಿ ಮುಚ್ಚಿಸುತ್ತಾಳೆ ಎಂದು ತಾಯಿಯ ಜೀವ ಹಗುರವಾಯಿತು.

"ಯಾರೇ ಇದನ್ನ ಬರೆದಿದ್ದು?" ಗೆಳತಿಯೊಬ್ಬಳು ಕೇಳಿದಳು.

ಮಗಳು ಹಲಗೆ ನೋಡಿದಳು. ಕಿಟಕಿಯ ಕಡೆ ನೋಡಲಿಲ್ಲ. "ಯಾರೋ ಅಡುಗೆಯವಳಿರ್ಬೇಕು, ಬಿಡೇ," ಎಂದು ಎಲ್ಲರ ಜೊತೆ ನಕ್ಕಳು.

ದಿನವೂ ಸಾಲಿನಲ್ಲಿ ಬಂದು "ಸಾಕಮ್ಮ" ಎನ್ನುತ್ತಿದ್ದಳು ಮಗಳು. ಅಡುಗೆಯಾಕೆಯನ್ನು ಅಮ್ಮ ಎನ್ನದವರು ಅಲ್ಲಿ ಯಾರಿದ್ದರು? ಹಾಗಾಗಿ ಇವರಿಬ್ಬರು ತಾಯಿ ಮಗಳೆಂದು ಯಾರಿಗೂ ಗೊತ್ತಾಗಿರಲಿಲ್ಲ. ಮಗಳು ಅದನ್ನು ಮುಚ್ಚಿಟ್ಟಿದ್ದಾಳೆಂದು ತಾಯಿಗೂ ಈಗಲೇ ಗೊತ್ತಾದದ್ದು.

ಸಂಜೆ ಮನೆಯಲ್ಲಿ ಮಗಳೇ ಮಾತು ತೆಗೆದಳು. "ನಂಗೊಂದ್ಸಲ ತೋರಿಸಿ ಬರೀಬಾರ್ದಿತ್ತಾ? ಆಮೇಲೆ ಯಾರೂ ಇಲ್ದಾಗ ನಾನೇ ಹೋಗಿ ಸರಿ ಮಾಡಿ ಬಂದೆ."

"ಯಾರೂ ಇಲ್ದಾಗಲಾ?"

"ಮತ್ತೇನು, ಎಲ್ಲರ ಮುಂದೆ ಮಾಡಕ್ಕಾಗತ್ತಾ? ನಂದು ಹೊಸ ಕೆಲಸ ಅಮ್ಮಾ. ನನ್ನ ಪಾಡೂ ಸ್ವಲ್ಪ ಯೋಚಿಸು."

ತಾಯಿ ಎದ್ದು ತಟ್ಟೆ ಇಟ್ಟಳು. "ಕೈ ತೊಳ್ಕೊ, ಬಡಿಸ್ತೀನಿ," ಎಂದಳು.

ಮರುದಿನ ಬೆಳಿಗ್ಗೆ ಮೇಲ್ವಿಚಾರಕರ ಕೋಣೆಗೆ ಹೋಗಿ, "ನಂಗಾ ಜಾಗ ಬೇಡ ಸಾರ್," ಎಂದಳು.

"ಒಂದು ಎತ್ವಕ್ಕೆ ಇಷ್ಟು ಬೇಜಾರಾ? ಜನ ನಾಳೆಗೆ ಮರೀತಾರೆ ಬಿಡಿ."

"ಅವರು ಮರೀತಾರೆ ಸಾರ್," ಎಂದಳು.

ವಾರದಲ್ಲಿ ಆ ಜಾಗಕ್ಕೆ ಬೇರೊಬ್ಬ ಬಂದ. ಅವನ ಅಕ್ಷರ ಮುತ್ತು ಪೋಣಿಸಿದ ಹಾಗೆ. ಯಾವ ಗಡ್ಡೆ ಯಾರಿಗೆ, ಎಷ್ಟು ಹೊತ್ತು ಬೇಯಬೇಕು ಎಂದು ದಿನಕ್ಕೆ ಹತ್ತು ಸಲ ಅವಳನ್ನೇ ಕೇಳುತ್ತಿದ್ದ. ಅವಳೂ ಬೇಸರಿಸದೆ ಹೇಳುತ್ತಿದ್ದಳು.

ಸುದ್ದಿ ಮಗಳಿಗೆ ಮುಟ್ಟಿದ್ದು ಆಫೀಸಿನ ಕಾಗದದಿಂದ. ಅಂದು ಮಧ್ಯಾಹ್ನ ಅವಳು ಗೆಳತಿಯರನ್ನು ಹಿಂದೆ ಬಿಟ್ಟು ಸಾಲಿನಲ್ಲಿ ಮುಂದೆ ಬಂದಳು. ಕಿಟಕಿಗೆ ಬಗ್ಗಿ ಮೆಲ್ಲಗೆ, "ಯಾಕಮ್ಮಾ ಬೇಡ ಅಂದೆ?" ಎಂದಳು.

"ಎಷ್ಟು ಹಾಕ್ಲಿ ಮೇಡಂ?" ಎಂದಳು ತಾಯಿ. ಉಳಿದವರಿಗೆ ಹಾಕಿದಷ್ಟೇ, ಒಂದು ಸೌಟು, ತಟ್ಟೆಗೆ ಹಾಕಿದಳು. "ಮುಂದಿನವರು ಬನ್ನಿ."

ಮಗಳು ಕದಲಲಿಲ್ಲ. ಹಿಸುಕಿದ ಗಡ್ಡೆಯಿಂದ ಎದ್ದ ಹಬೆ ಅವಳ ಕನ್ನಡಕವನ್ನು ಮುಸುಕಿತು. ಎರಡೂ ಕೈಯಲ್ಲಿ ತಟ್ಟೆ ಹಿಡಿದಿದ್ದರಿಂದ ಒರೆಸಿಕೊಳ್ಳಲು ಆಗದೆ, ಹಾಗೇ ನಿಂತಿದ್ದಳು.